ಲಾಗ್ ಇನ್: ಹಡಗಿನಿಂದ ಕಂಪ್ಯೂಟರ್‌ಗೆ ಬಂದ ಫ್ರೇಸಲ್ ವರ್ಬ್

ನಮಸ್ಕಾರ. ದಿನಕ್ಕೆ ಹಲವು ಬಾರಿ ನಮ್ಮ ಕಣ್ಣಿಗೆ ಬೀಳುವ ‘ಲಾಗ್ ಇನ್’ ಎಂಬ ಇಂಗ್ಲಿಷ್ ಫ್ರೇಸಲ್ ವರ್ಬ್ ಎಲ್ಲಿಂದ ಬಂತು, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ. ಕ್ರಿಯಾಪದದ ಜೊತೆಗೆ ಇನ್, ಔಟ್, ಆಫ್‌ನಂತಹ ಪುಟ್ಟ ಪದವೊಂದು ಸೇರಿ, ಎರಡೂ ಕೂಡಿ ಒಂದೇ ಕ್ರಿಯೆಯನ್ನು ಸೂಚಿಸಿದರೆ ಅದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ತನ್ನ ಗುರುತನ್ನು ತಿಳಿಸಿ ಕಂಪ್ಯೂಟರ್ ವ್ಯವಸ್ಥೆಯ ಬಳಕೆಯನ್ನು ಆರಂಭಿಸುವುದು ಲಾಗ್ ಇನ್‌ನ ಇಂದಿನ ಅರ್ಥ. ಇದನ್ನು ಬಾಗಿಲು ತೆರೆದು ಒಳಗೆ ಹೋಗುವ ಕ್ರಿಯೆಯೆಂದು ನಾವು ಭಾವಿಸುತ್ತೇವಾದರೂ, ಅದರ ಬೇರು ಇರುವುದು ಹಡಗಿನ ದಾಖಲೆ ಪುಸ್ತಕದಲ್ಲಿ.

[ಪರದೆಯ ಮೇಲೆ: ಹಗ್ಗ ಕಟ್ಟಿದ ಮರದ ಹಲಗೆ]

ಲಾಗ್ ಎಂದರೆ ಮರದ ದಿಮ್ಮಿ. ಹಡಗಿನ ವೇಗವನ್ನು ಅಳೆಯಲು ನಾವಿಕರು ಬಳಸುತ್ತಿದ್ದ ಸಾಧನಕ್ಕೂ ಇದೇ ಹೆಸರಿತ್ತು. ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲೇ ಈ ವಿಧಾನವನ್ನು ವಿವರಿಸಿದ್ದಾನೆ. ವೃತ್ತದ ಕಾಲುಭಾಗದಂತಿದ್ದ ಹಲಗೆಯ ಒಂದು ಅಂಚಿಗೆ ಸೀಸ ಸೇರಿಸಿ, ಅದು ನೀರಿನಲ್ಲಿ ನೆಟ್ಟಗೆ ನಿಲ್ಲುವಂತೆ ಮಾಡಿ, ಹಗ್ಗ ಕಟ್ಟಿ ಹಡಗಿನ ಹಿಂಭಾಗದಿಂದ ಸಮುದ್ರಕ್ಕೆ ಎಸೆಯುತ್ತಿದ್ದರು. ಹಲಗೆ ನೀರಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತಿತ್ತು, ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ ಸುಮಾರು 47 ಅಡಿಗೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈದಾಟಿ ಹೋದವೋ, ಗಂಟೆಗೆ ಅಷ್ಟು ನಾಟಿಕಲ್ ಮೈಲಿ (ಸಮುದ್ರಯಾನದಲ್ಲಿ ಬಳಸುವ, ಸುಮಾರು 1.85 ಕಿಲೋಮೀಟರ್ ಉದ್ದದ ಮೈಲಿ) ವೇಗವೆಂದು ಲೆಕ್ಕ. ಹಡಗಿನ ವೇಗವನ್ನು ಇಂದಿಗೂ ಗಂಟು ಎಂಬ ಅರ್ಥದ ‘ನಾಟ್’ ಎಂಬ ಮಾನದಲ್ಲೇ ಹೇಳುವುದು ಈ ಕಾರಣಕ್ಕೆ.

ಹೀಗೆ ಅಳೆದ ವೇಗವನ್ನು ದಿಕ್ಕು, ಗಾಳಿ ಮುಂತಾದ ವಿವರಗಳೊಂದಿಗೆ ಬರೆದಿಡುತ್ತಿದ್ದ ಪುಸ್ತಕವೇ ಲಾಗ್ ಬುಕ್. ನಡುಸಮುದ್ರದಲ್ಲಿ ಹಡಗು ಎಲ್ಲಿದೆಯೆಂದು ಅಂದಾಜಿಸಲು ಈ ಬರಹವೇ ಆಧಾರವಾಗಿದ್ದುದರಿಂದ ಅದರ ಮಹತ್ವ ದೊಡ್ಡದು. ಕಾಲಕ್ರಮದಲ್ಲಿ ಆ ಪುಸ್ತಕವನ್ನೇ ಲಾಗ್ ಎಂದು ಕರೆದರು, ಅದರಲ್ಲಿ ನಮೂದಿಸುವುದೂ ಲಾಗ್ ಎಂಬ ಕ್ರಿಯಾಪದವಾಯಿತು.

[ಪರದೆಯ ಮೇಲೆ: 1960ರ ದಶಕದ ಕಂಪ್ಯೂಟರ್ ಕೊಠಡಿ]

ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಹಂಚಿಕೊಳ್ಳುವ ವ್ಯವಸ್ಥೆಯನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದರು. ಯಂತ್ರದ ಸಮಯ ಬಹಳ ದುಬಾರಿಯಾಗಿದ್ದ ಕಾಲವದು. ಯಾರು, ಯಾವಾಗ, ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡಲೇಬೇಕಿತ್ತು. ಆದ್ದರಿಂದ ಲಾಗ್ ಇನ್ ಎಂಬ ಹೆಸರು ಅಲ್ಲಿಗೆ ತೀರಾ ಸಹಜವಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. 1969ರ ಅಕ್ಟೋಬರ್ 29ರಂದು ಇಂದಿನ ಇಂಟರ್‌ನೆಟ್‌ನ ಪೂರ್ವರೂಪವಾದ ಅರ್ಪಾನೆಟ್ ಜಾಲದ ಮೊದಲ ಸಂದೇಶವಾಗಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕಳುಹಿಸಲು ಹೊರಟಿದ್ದೂ ಇದೇ ಪದ. ಎಲ್ ಮತ್ತು ಓ ಅಕ್ಷರಗಳು ತಲುಪುತ್ತಿದ್ದಂತೆ ವ್ಯವಸ್ಥೆ ಕುಸಿದುಬಿತ್ತು.

ಇನ್ನು ಬಳಕೆ. ಕ್ರಿಯಾಪದವಾಗಿ ಬಂದಾಗ ಲಾಗ್ ಮತ್ತು ಇನ್ ಬೇರೆಬೇರೆ ಪದಗಳು. ‘ಲಾಗಿನ್ ಪೇಜ್’ ಎಂಬಂತೆ ನಾಮಪದವಾಗಿಯೋ ವಿಶೇಷಣವಾಗಿಯೋ ಬಂದಾಗ ಮಾತ್ರ ಎರಡನ್ನೂ ಕೂಡಿಸಿ ಬರೆಯಬೇಕು. ‘ಪ್ಲೀಸ್ ಲಾಗಿನ್’ ಎಂದು ಒಂದೇ ಪದವಾಗಿ ಬರೆದದ್ದು ಎಷ್ಟೋ ಪರದೆಗಳಲ್ಲಿ ಕಾಣುತ್ತದೆ, ಆದರೆ ಎಚ್ಚರದ ಬರಹದಲ್ಲಿ ಅದು ಸಲ್ಲದು. ಭೂತಕಾಲದ ರೂಪವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ: ‘ಐ ಲಾಗ್ಡ್ ಇನ್’ ಎನ್ನುವಾಗ ಪ್ರತ್ಯಯ ಸೇರುವುದು ಲಾಗ್‌ಗೆ. ‘ಲಾಗ್ ಮಿ ಇನ್’ ಎಂದು ಸರ್ವನಾಮವು ನಡುವೆ ನುಸುಳಬಲ್ಲದು. ಖಾತೆಯನ್ನು ಹೆಸರಿಸುವಾಗ ‘ಲಾಗ್ ಇನ್ ಟು ಯುವರ್ ಅಕೌಂಟ್’ ಎಂದು ಇನ್ ಮತ್ತು ಟು ಪದಗಳನ್ನು ಬಿಡಿಸಿ ಬರೆಯುವುದು ಹೆಚ್ಚು ಒಪ್ಪಿತ ಕ್ರಮ, ಏಕೆಂದರೆ ಇನ್ ಕ್ರಿಯಾಪದದ ಭಾಗ, ಟು ಮುಂದಿನ ಪದಕ್ಕೆ ಸೇರಿದ್ದು. ಮಾತಿನಲ್ಲಿಯೂ ಈ ವ್ಯತ್ಯಾಸ ಕೇಳಿಸುತ್ತದೆ: ನಾಮಪದವಾದಾಗ ಒತ್ತು ಲಾಗ್ ಮೇಲೆ ಬೀಳುತ್ತದೆ, ಕ್ರಿಯಾಪದವಾದಾಗ ಇನ್ ಮೇಲೆ.