ದಕ್ಷಿಣದ ಬಾಯಿಂದ ಬಂದವರು: ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ನನ್ನ ಮೊದಲ ವರ್ಷ

[ದೃಶ್ಯ: ಬ್ರಿಟನ್ನಿನ ಹಳೆಯ ನಕ್ಷೆ. ಮೂಲೆಯಲ್ಲಿ ಒಂದು ಸಣ್ಣ ಚೌಕ.]

ನಮಸ್ಕಾರ. ಈ ನಕ್ಷೆಯನ್ನು ನೋಡಿ. ಸ್ಕಾಟ್ಲೆಂಡಿನ ಪಕ್ಕದಲ್ಲಿ ಒಂದು ಚೌಕ ಎಳೆದು, ಅದರೊಳಗೆ ಕೆಲವು ದ್ವೀಪಗಳನ್ನು ಕೂಡಿಹಾಕಿದ್ದಾರೆ. ಅದೇ ಶೆಟ್‌ಲ್ಯಾಂಡ್. ಪುಟದಲ್ಲಿ ಜಾಗ ಸಾಲದೆಂದು ಬಹಳ ಕಾಲ ಹೀಗೆಯೇ ಅಚ್ಚಾಗುತ್ತಿತ್ತು. ತಮ್ಮ ಊರನ್ನು ಪೆಟ್ಟಿಗೆಯಲ್ಲಿಟ್ಟದ್ದು ಇಲ್ಲಿನವರಿಗೆ ಎಷ್ಟು ನೋವು ತಂದಿತ್ತೆಂದರೆ, ದ್ವೀಪಗಳಿಗಾಗಿ 2018ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಮಾಡಿದ ಕಾಯ್ದೆಯಲ್ಲಿ ಇದಕ್ಕೂ ಒಂದು ನಿಯಮ ಸೇರಿತು: ಸರ್ಕಾರಿ ಸಂಸ್ಥೆಗಳು ಶೆಟ್‌ಲ್ಯಾಂಡನ್ನು ಅದು ಇರುವ ಜಾಗದಲ್ಲಿಯೇ ತೋರಿಸಬೇಕು, ಇಲ್ಲವಾದರೆ ಕಾರಣ ಕೊಡಬೇಕು.

ಅದು ಇರುವ ಜಾಗ 60 ಡಿಗ್ರಿ ಉತ್ತರ ಅಕ್ಷಾಂಶ. ಸುಮಾರು 100 ದ್ವೀಪಗಳಲ್ಲಿ 16ರಲ್ಲಿ ಮಾತ್ರ ಜನವಸತಿ. ಒಟ್ಟು ಜನ 23,000ದ ಆಸುಪಾಸು. ನನ್ನ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿದಾಗ ತೀರ್ಥಹಳ್ಳಿಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಅಷ್ಟು ದೂರ ಯಾಕೋ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನನ್ನ ಮೊದಲ ವರ್ಷ ಕಳೆಯಿತು.

[ದೃಶ್ಯ: ಮುಂಜಾನೆ, ಹಡಗಿನ ಮೇಲಟ್ಟದಿಂದ ಲರ್ವಿಕ್ ಬಂದರು.]

ಸ್ಕಾಟ್ಲೆಂಡಿನ ಮುಖ್ಯ ಭೂಭಾಗದ ಅಬರ್ಡೀನ್‌ನಿಂದ ಸಂಜೆ ಹೊರಟ ಹಡಗು ರಾತ್ರಿಯಿಡೀ ಸಾಗಿ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಶೆಟ್‌ಲ್ಯಾಂಡಿನ ಮುಖ್ಯ ಪಟ್ಟಣ ಲರ್ವಿಕ್ ಮುಟ್ಟುತ್ತದೆ. ಬಂದರಿನ ಎದುರಿಗೆ ಬ್ರೆಸೇ ಎಂಬ ದ್ವೀಪವಿದೆ. ಎರಡರ ನಡುವಿನ ಜಲಸಂಧಿಗೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಾಯಿ. ಹಡಗು ಒಳಬರುವುದು ದಕ್ಷಿಣದ ಬಾಯಿಂದ. ಹಾಗಾಗಿ ಹೊರಗಿನಿಂದ ಬಂದು ನೆಲೆಸಿದವರಿಗೆ ಇಲ್ಲಿ 'ಸೂತ್‌ಮೂದರ್' ಎಂಬ ಹೆಸರು: ದಕ್ಷಿಣದ ಬಾಯಿಂದ ಬಂದವರು. ಇಪ್ಪತ್ತು ವರ್ಷ ಇಲ್ಲೇ ಇದ್ದರೂ ಆ ಹೆಸರು ಹೋಗುವುದಿಲ್ಲ ಎಂದು ಕೇಳಿದ್ದೆ. ಹೋಗುವುದು ಬೇಡ ಎಂದು ಈಗ ನನಗೇ ಅನ್ನಿಸುತ್ತದೆ. ಯಾವ ಬಾಗಿಲಿಂದ ಬಂದೆ ಎಂಬುದನ್ನು ಊರು ನೆನಪಿಟ್ಟುಕೊಳ್ಳುವುದೂ ಒಂದು ಬಗೆಯ ಅಕ್ಕರೆಯೇ.

ಇಲ್ಲಿನ ಮಾತಿನಲ್ಲಿ ನಮ್ಮ ನೀನು, ನೀವು ಇದ್ದ ಹಾಗೆ ಎರಡು ರೂಪಗಳಿವೆ. ಹತ್ತಿರದವರಿಗೆ 'ದು', ಹಿರಿಯರಿಗೆ ಮತ್ತು ಪರಿಚಯವಿಲ್ಲದವರಿಗೆ 'ಯು'. ಪಕ್ಕದ ಮನೆಯ ಅಜ್ಜಿ ಆರು ತಿಂಗಳು ನನ್ನನ್ನು ಬಹುವಚನದಲ್ಲಿಯೇ ಮಾತನಾಡಿಸಿದರು. ಒಂದು ದಿನ ಬೇಲಿಯ ಆಚೆಯಿಂದ ಏನೋ ಕೇಳುವಾಗ 'ದು' ಎಂದುಬಿಟ್ಟರು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಅದು ಕಿವಿಗೆ ಬೀಳದೆಯೂ ಹೋಗಬಹುದು. ಕನ್ನಡ ಬಲ್ಲ ನನಗೆ ಹಾಗಾಗಲಿಲ್ಲ.

[ದೃಶ್ಯ: ಗಾಳಿಗೆ ಎದುರಾಗಿ ನಿಂತ ಕಾರು. ಬಾಗಿಲ ಹಿಡಿಯ ಮೇಲೆ ಎರಡು ಕೈಗಳು.]

ನನಗೆ ಮೊದಲ ಪಾಠ ಕಲಿಸಿದವರೂ ಆ ಅಜ್ಜಿಯೇ: ಕಾರಿನ ಬಾಗಿಲು ತೆಗೆಯುವುದು ಹೇಗೆ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಕಾರಿನ ಮೂತಿಯನ್ನು ಅತ್ತ ತಿರುಗಿಸಿ ನಿಲ್ಲಿಸಬೇಕು. ಒಂದು ಕೈ ಹಿಡಿಯಲ್ಲಿ, ಇನ್ನೊಂದು ಬಾಗಿಲಿನ ಅಂಚಿನಲ್ಲಿ ಇರಬೇಕು. ಗೇಣುದ್ದ ತೆರೆದು, ಗಾಳಿಯ ಜೋರು ಅಳೆದು, ಆಮೇಲೆ ಇಳಿಯಬೇಕು. ಹಿಂದಿನಿಂದ ಗಾಳಿ ಬೀಸುವಾಗ ಅಜಾಗ್ರತೆಯಿಂದ ತೆರೆದರೆ ಬಾಗಿಲು ಕೀಲಿನ ಸಮೇತ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನಾನು ತೀರ್ಥಹಳ್ಳಿಯಿಂದ ತಂದಿದ್ದ ಕೊಡೆಯನ್ನು ಬಿಚ್ಚಿದ್ದು ಒಂದೇ ಸಲ.

ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಹಾದುಹೋಗುವುದರಿಂದ ಈ ಅಕ್ಷಾಂಶಕ್ಕೆ ತಕ್ಕ ಕಡುಚಳಿ ಇಲ್ಲಿಲ್ಲ. ಚಳಿಗಿಂತ ಗಾಳಿಯದೇ ಆಳ್ವಿಕೆ. ಗಾಳಿಯ ಜೊತೆಗೆ ಶತಮಾನಗಳ ಕುರಿ ಮೇಯಿಸುವಿಕೆಯೂ ಸೇರಿ, ಮರಗಳೇ ಅಪರೂಪ. ಮಲೆನಾಡಿನವನಿಗೆ ಮರವಿಲ್ಲದ ಗುಡ್ಡ ಬಟ್ಟೆಯಿಲ್ಲದ ಮೈಯಂತೆ ಕಾಣುತ್ತಿತ್ತು. ಕಣ್ಣು ಪಳಗಲು ತಿಂಗಳುಗಳೇ ಬೇಕಾದವು.

ಮರವಿಲ್ಲವೆಂದರೆ ಸೌದೆಯೂ ಇಲ್ಲ. ಅದಕ್ಕೆ ಇಲ್ಲಿನ ಉತ್ತರ ಪೀಟ್. ಜೌಗಿನಲ್ಲಿ ಸಾವಿರಾರು ವರ್ಷ ಅರೆಕೊಳೆತ ಗಿಡಗಳ ಮಣ್ಣು ಅದು. ಬೇಸಿಗೆ ಶುರುವಾಗುವ ಹೊತ್ತಿಗೆ 'ಟುಶ್ಕರ್' ಎಂಬ ಉದ್ದ ಹಿಡಿಯ ಸಲಿಕೆಯಿಂದ ಅದನ್ನು ಕಡಿಯುತ್ತಾರೆ. ಒದ್ದೆ ಪೀಟ್ ಹಲ್ವದ ತುಂಡಿನಂತೆ ನುಣುಪಾಗಿ, ಕಪ್ಪಗೆ, ತಣ್ಣಗೆ ಕೈಗೆ ಬರುತ್ತದೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ಗಾಳಿಯೇ ಒಣಗಿಸಿಕೊಡುತ್ತದೆ. ಮಳೆಗಾಲಕ್ಕೆ ಮೊದಲು ಕೊಟ್ಟಿಗೆ ತುಂಬ ಸೌದೆ ಒಟ್ಟುತ್ತಿದ್ದ ಅಪ್ಪನನ್ನು ನಾನು ಅಲ್ಲಿ ಕಂಡೆ.

[ದೃಶ್ಯ: ಅಂಗಡಿಯ ತರಕಾರಿ ಕಪಾಟು, ಅರ್ಧ ಖಾಲಿ.]

ಅಂಗಡಿಗೆ ಹೋದರೆ ಸಮುದ್ರ ಹೇಗಿದೆಯೆಂದು ಗೊತ್ತಾಗುತ್ತದೆ. ಎರಡು ದಿನ ಹಡಗು ಬಾರದಿದ್ದರೆ ಹಣ್ಣು, ತರಕಾರಿ ಖಾಲಿ. ಆಗ ಯಾರೂ ಗಲಾಟೆ ಮಾಡುವುದಿಲ್ಲ. ಉಪ್ಪು ಹಾಕಿ ಒಣಗಿಸಿಟ್ಟ ಕುರಿಮಾಂಸದ ಸಾರು, ಬ್ಯಾನಕ್ ರೊಟ್ಟಿ, ಆಲೂಗಡ್ಡೆ ಇರುತ್ತವೆ. ನಮ್ಮ ಮನೆಯಲ್ಲಿ ಹುರುಳಿ, ಹಪ್ಪಳ, ಮಿಡಿ ಉಪ್ಪಿನಕಾಯಿ ಇರುತ್ತವೆ. 2022ರ ಅಕ್ಟೋಬರಿನಲ್ಲಿ ಸಮುದ್ರದಡಿಯ ಕೇಬಲ್ ಹಾಳಾಗಿ ಫೋನು, ಇಂಟರ್ನೆಟ್ ಎರಡೂ ನಿಂತುಹೋಗಿದ್ದವು. ಕಾರ್ಡ್ ನಡೆಯದ ಅಂಗಡಿಗಳಲ್ಲಿ ನಗದಿಗೆ ಮತ್ತೆ ಬೆಲೆ ಬಂತು. ನಮ್ಮ ಡಬ್ಬದಲ್ಲಿಯೂ ಈಗ ಸ್ವಲ್ಪ ಚಿಲ್ಲರೆ ಇರುತ್ತದೆ.

ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇಲ್ಲ. ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚುತ್ತೇವೆ. ಈ ಕತ್ತಲೆಗೆ ಹೆದರಿಯೇ ಬಂದಿದ್ದೆ. ಆದರೆ ಅದಕ್ಕೊಂದು ಹಬ್ಬವಿದೆ. ಜನವರಿಯ ಕೊನೆಯ ಮಂಗಳವಾರ, 'ಅಪ್ ಹೆಲಿ ಆ'. ಉರಿಯುವ ಪಂಜು ಹಿಡಿದ ನೂರಾರು ಜನ ಮೆರವಣಿಗೆಯಲ್ಲಿ ಬಂದು, ತಿಂಗಳುಗಟ್ಟಲೆ ಶ್ರಮಪಟ್ಟು ಕಟ್ಟಿದ ವೈಕಿಂಗ್ ಹಡಗಿಗೆ ಪಂಜುಗಳನ್ನೆಸೆದು ಸುಡುತ್ತಾರೆ. ಆಮೇಲೆ ಊರಿನ ಸಭಾಂಗಣಗಳಲ್ಲಿ ಬೆಳಗಿನವರೆಗೆ ಪಿಟೀಲು, ಕುಣಿತ, ಸಾರು. ನನ್ನ ಕೈಗೂ ಒಂದು ಬಟ್ಟಲು ಬಂತು. ಯಾರ ಕಡೆಯವನು ಎಂದು ಯಾರೂ ಕೇಳಲಿಲ್ಲ. ನನಗೆ ಕಷ್ಟವಾದದ್ದು ಜೂನ್. ಹತ್ತೊಂಬತ್ತು ಗಂಟೆ ಹಗಲು, ಉಳಿದದ್ದು 'ಸಿಮರ್ ಡಿಮ್' ಎಂಬ ಮಂದ ಬೆಳಕು. ಕಪ್ಪು ಪರದೆ ಕೊಂಡ ಮೇಲೆಯೇ ನಿದ್ದೆ ಹತ್ತಿದ್ದು.

[ದೃಶ್ಯ: ಮತ್ತೆ ನಕ್ಷೆ. ಈ ಬಾರಿ ಚೌಕವಿಲ್ಲ.]

ಈಗ ಅಮ್ಮನ ಪ್ರಶ್ನೆ. ಲರ್ವಿಕ್‌ನಿಂದ ಅಬರ್ಡೀನ್ ಎಷ್ಟು ದೂರವೋ, ಹೆಚ್ಚೂಕಡಿಮೆ ನಾರ್ವೆಯ ಬರ್ಗನ್ ಕೂಡ ಅಷ್ಟೇ ದೂರ. ಈ ದ್ವೀಪಗಳು ಶತಮಾನಗಳ ಕಾಲ ನಾರ್ವೆಯ ಅರಸರದಾಗಿದ್ದವು. 1469ರಲ್ಲಿ ಡೆನ್ಮಾರ್ಕ್–ನಾರ್ವೆಯ ರಾಜ ಒಂದನೇ ಕ್ರಿಶ್ಚಿಯನ್, ಮಗಳ ವರದಕ್ಷಿಣೆಗೆ ಹಣ ಹೊಂದಿಸಲಾರದೆ ಇವನ್ನು ಸ್ಕಾಟ್ಲೆಂಡಿನ ದೊರೆಗೆ ಒತ್ತೆಯಿಟ್ಟ. ಒತ್ತೆ ಬಿಡಿಸಿಕೊಳ್ಳಲು ಕೊನೆಗೂ ಆಗಲಿಲ್ಲ. ಆ ಹಿಂದಿನ ಕಾಲದ ನಾವಿಕರಿಗೆ ಶೆಟ್‌ಲ್ಯಾಂಡ್ ದಾರಿಯ ನಡುವೆ ಸಿಗುವ ಊರು. ಅದು ದೂರವಾದದ್ದು ಲಂಡನ್ನಿನಿಂದ ಅಳೆಯಲು ತೊಡಗಿದ ಮೇಲೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಇವತ್ತು ಹಡಗು ಬಂತಾ?" ಎಂದರು. ಕಿಟಕಿಯಿಂದ ನೋಡಿದೆ. ದಕ್ಷಿಣದ ಬಾಯಲ್ಲಿ ನೀಲಿ ಹಡಗು ಮೆಲ್ಲಗೆ ತಿರುಗುತ್ತಿತ್ತು.