ಗೋಡೆಯ ಮಾಡದಿಂದ ಪರ್ಸಿಗೆ: ಲಿಪ್‌ಸ್ಟಿಕ್ ಬಂದ ದಾರಿ

(ದೃಶ್ಯ: ವಿಜಯಪುರ, ಬೆಳಗಿನ ಬಸ್. ಪುಟ್ಟ ಕನ್ನಡಿ, ಲಿಪ್‌ಸ್ಟಿಕ್ ಹಿಡಿದ ಕೈ.)

ನಮಸ್ಕಾರ ರೀ. ಈ ಬಸ್ಸು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಡೆ ಹೊರಟಿದೆ. ಹಂಪ್ ಬರೋ ಮೊದಲು ತುಟಿಯ ಕೆಲಸ ಮುಗೀಬೇಕು. ಯಾವ ಹಂಪ್ ಎಲ್ಲಿದೆ ಅಂತ ಈ ಹುಡುಗಿಯರಿಗೆ ಡ್ರೈವರ್‌ಗಿಂತ ಜಾಸ್ತಿ ಗೊತ್ತು!

(ದೃಶ್ಯ: ಹಳೇ ಮನೆ, ಗೋಡೆಯ ಮಾಡ.)

ನಮ್ಮ ಆಯಿ, ಅಂದ್ರೆ ಅಜ್ಜಿ, ಈ ಮಾಡದಲ್ಲೇ ಕನ್ನಡಿ, ಕಾಡಿಗೆ, ಕುಂಕುಮದ ಭರಣಿ ಇಡುತ್ತಿದ್ದಳು. ಉಂಗುರದ ಬೆರಳಿಂದ ಹಣೆಗೆ ಮೊದಲು ಮೇಣ ಸವರುತ್ತಿದ್ದಳು. ಮೇಲೆ ಕುಂಕುಮ ಒತ್ತಿ, ಮೂಗಿನ ಮೇಲೆ ಉದುರಿದ ಪುಡಿಯನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಅಜ್ಜ ತೀರಿಕೊಂಡ ದಿನ ಅದೂ ನಿಂತಿತು. ಹಣೆ ಅವಳದೇ, ಆದರೆ ಆ ಕೆಂಪಿನ ಲೆಕ್ಕ ಅಜ್ಜನ ಹೆಸರಲ್ಲಿತ್ತು.

ಲಿಪ್‌ಸ್ಟಿಕ್ ಹಾಗಲ್ಲ.

(ಪರದೆ ಮೇಲೆ: 1923)

ತಿರುಗಿಸಿದರೆ ಮೇಲೆ ಬರುವ ಲಿಪ್‌ಸ್ಟಿಕ್ ಕೊಳವೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಆ ವರ್ಷ. ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ಆದರೆ ಅಷ್ಟೊತ್ತಿಗೆ ಅಲ್ಲಿನ ಹೆಣ್ಣುಮಕ್ಕಳು ಆಫೀಸು, ಅಂಗಡಿಗಳಲ್ಲಿ ದುಡಿಯುತ್ತಿದ್ದರು. 1920ರಲ್ಲಿ ಓಟೂ ಸಿಕ್ಕಿತ್ತು. ದಿನವಿಡೀ ಹೊರಗಿರುವವರಿಗೆ ಪರ್ಸಿನಲ್ಲಿ ಹಿಡಿಯುವ ಬಣ್ಣ ಬೇಕಿತ್ತು. ಎರಡನೇ ಮಹಾಯುದ್ಧದಲ್ಲಂತೂ ಅಮೆರಿಕದ ಮರೀನ್ ಪಡೆಯ ಮಹಿಳೆಯರ ಟೋಪಿಯ ಕೆಂಪು ದಾರಕ್ಕೆ ಹೊಂದಲೆಂದೇ ‘ಮೊಂಟೆಜುಮಾ ರೆಡ್’ ಅನ್ನೋ ಲಿಪ್‌ಸ್ಟಿಕ್ ಬಣ್ಣ ಬಂತು. 1968ರಲ್ಲಿ ಅದೇ ದೇಶದಲ್ಲಿ, ಮಿಸ್ ಅಮೆರಿಕ ಸ್ಪರ್ಧೆ ವಿರೋಧಿಸಿದವರು ಮೇಕಪ್ ಸಾಮಾನನ್ನು ಕಸದ ಡಬ್ಬಿಗೆ ಹಾಕಿದರು. ಹಚ್ಚಲೇಬೇಕು ಅನ್ನೋ ಕಾಟ ಸಾಕಾಗಿತ್ತು.

ನಮ್ಮ ದೇಶದಲ್ಲಿ ಟಾಟಾದವರು 1952ರಲ್ಲೇ ಲ್ಯಾಕ್ಮೆ ಶುರು ಮಾಡಿದ್ದರು. ನಮ್ಮ ಓಣಿಗೆ ಅದು ಬರಲು ದಶಕಗಳೇ ಬೇಕಾದವು ಬಿಡಿ. ಲಿಪ್‌ಸ್ಟಿಕ್ ಅಂದ್ರೆ ನಾಟಕ ಕಂಪನಿಯವರದ್ದು ಅನ್ನೋ ಮಾತು. ಅವ್ವ ಶಾಲೆಯಲ್ಲಿ ಟೀಚರ್ ಆದಾಗ ಅವಳಿಗೆ ಸಿಕ್ಕಿದ್ದು ಪೌಡರ್ ಮತ್ತು ಅಂಟಿಸುವ ಟಿಕಳಿ. ಬೆವರಿಗೆ ಬಿದ್ದರೆ ಇರಲಿ ಅಂತ ಒಂದು ಟಿಕಳಿಯನ್ನು ವಾಚಿನ ಬೆಲ್ಟಿನ ಒಳಗೆ ಅಂಟಿಸಿಕೊಂಡಿರುತ್ತಿದ್ದಳು. ಮನೆಯಿಂದ ಹೊರಗೆ ಕಾಲಿಟ್ಟ ನಮ್ಮ ಮನೆಯ ಮೊದಲ ಮೇಕಪ್ ಅದೇ.

(ದೃಶ್ಯ: ಮತ್ತೆ ಬಸ್, ಈಗ ಸಂಜೆ.)

ಈಗ ಇಂಟರ್‌ವ್ಯೂಗೆ ತಿಳಿ ಬಣ್ಣ, ಸಿದ್ಧೇಶ್ವರ ಜಾತ್ರೆಗೆ ಮರೂನ್. ಒಂದೇ ಲಿಪ್‌ಸ್ಟಿಕ್ ನಾಲ್ಕು ಗೆಳತಿಯರ ಪರ್ಸು ಸುತ್ತುತ್ತೆ. ಆದರೆ ಊರಿಗೆ ವಾಪಸ್ ಹೋಗುವ ಈ ಬಸ್ಸನ್ನೂ ಸ್ವಲ್ಪ ನೋಡಿ. ಮುಂದಿನ ಸ್ಟಾಪ್ ಅವಳದು.

(ಕ್ಯಾಮೆರಾ ಹತ್ತಿರ: ಕರ್ಚೀಫ್ ಹೊರಬರುತ್ತದೆ. ತುಟಿ ಒರೆಸಿಕೊಂಡು ಇಳಿಯುತ್ತಾಳೆ.)