ಮೀನಿನ ತೊಟ್ಟಿಯ ಕರೆಂಟ್ ಲೆಕ್ಕ

ಕೇಳುಗರಿಗೆ ನಮಸ್ಕಾರ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಸುಮಾರು 50 ಲೀಟರ್ ನೀರು, ಕೆಲವು ಗಪ್ಪಿ, ಕೆಲವು ಮೋಲಿ ಮೀನುಗಳಿವೆ. ಪಕ್ಕದ ಮನೆಯವರು ತಮ್ಮ ಮಗಳಿಗೂ ಇಂಥದೊಂದನ್ನು ಕೊಡಿಸಬೇಕೆಂದು ನೋಡಲು ಬಂದವರು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಮೀನ ಏನೂ ಭಾಳ ತಿನ್ನೂದಿಲ್ಲ ಬಿಡ್ರಿ ಸರ, ಕರೆಂಟ್ ಎಷ್ಟ ತಿಂತೈತಿ ಅದನ್ನ ಹೇಳ್ರಿ" ಎಂದರು. ಆಗ ಬಾಯಿಲೆಕ್ಕದಲ್ಲೇ ತಿಂಗಳಿಗೆ 78 ರೂಪಾಯಿ ಎಂದು ಉತ್ತರ ಕೊಟ್ಟೆ. ಆಮೇಲೆ ಕಾಗದ ಪೆನ್ನು ಹಿಡಿದು ಕುಳಿತಾಗ, ನಾನು ಹೇಳಿದ್ದು ತಪ್ಪೆಂದು ತಿಳಿಯಿತು.

ಲೆಕ್ಕದ ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಉಪಕರಣದ ವ್ಯಾಟನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಬರುವುದೇ ಯೂನಿಟ್. ನಮ್ಮ ತೊಟ್ಟಿಯ ಫಿಲ್ಟರ್ 10 ವ್ಯಾಟಿನದು, ಗಾಳಿಯ ಪಂಪು 4 ವ್ಯಾಟಿನದು, ಎಲ್‌ಇಡಿ ದೀಪ 12 ವ್ಯಾಟಿನದು. ಮೊದಲಿನ ಎರಡು ಹಗಲೂ ರಾತ್ರಿ ನಡೆಯುತ್ತವೆ. ದೀಪ 8 ಗಂಟೆ ಮಾತ್ರ ಉರಿಯುತ್ತದೆ. 30 ದಿನಗಳ ತಿಂಗಳಿಗೆ ಫಿಲ್ಟರಿನ ಪಾಲು 7.2 ಯೂನಿಟ್, ಪಂಪಿನದು 2.9, ದೀಪದ್ದೂ 2.9. ಎಲ್ಲ ಸೇರಿ 13 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 78 ರೂಪಾಯಿ. ಕಣ್ಣಿಗೆ ಕುಕ್ಕುವ ದೀಪಕ್ಕೂ ಮೂಲೆಯಲ್ಲಿ ಗುಳುಗುಳು ಎನ್ನುವ ಪುಟ್ಟ ಪಂಪಿಗೂ ಖರ್ಚು ಸಮವೆಂಬುದನ್ನು ಗಮನಿಸಬೇಕು. ವಾರಕ್ಕೆರಡು ಸಲ ಅರ್ಧರ್ಧ ಗಂಟೆ ಬಳಸುವ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ತಿಂಗಳಿಗೆ ನಾಲ್ಕು ಯೂನಿಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ; ನಾವು ಹೆದರುವುದು ಮಾತ್ರ ಇಸ್ತ್ರಿಪೆಟ್ಟಿಗೆಗೆ.

ಆದರೆ ಡಬ್ಬಿಯ ಮೇಲೆ ಬರೆದ ವ್ಯಾಟನ್ನು ಹಾಗೆಯೇ ನಂಬಬೇಕಿಲ್ಲ. ಮನೆಯ ಮೀಟರೇ ತೂಕ ಹೇಳುತ್ತದೆ. ಮೀಟರಿನ ಮುಖದ ಮೇಲೆ ಮಿಣುಕುವ ಕೆಂಪು ಚುಕ್ಕೆಯೊಂದಿದ್ದು, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆಂಬ ಸಂಖ್ಯೆಯೂ ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200 ಎಂದಿದೆ, ನಿಮ್ಮದರಲ್ಲಿ ಬೇರೆ ಇರಬಹುದು. ಒಂದು ಭಾನುವಾರ ಸಂಜೆ ಫ್ರಿಜ್, ಫ್ಯಾನು, ದೀಪ ಎಲ್ಲವನ್ನೂ ಆರಿಸಿ, ತೊಟ್ಟಿಯನ್ನು ಮಾತ್ರ ಚಾಲೂ ಇಟ್ಟು, ಕೈಯಲ್ಲಿ ಗಡಿಯಾರ ಹಿಡಿದು ಮೀಟರಿನ ಎದುರು ನಿಂತೆ. ಹತ್ತು ಮಿಣುಕಿಗೆ 5 ನಿಮಿಷ ಹಿಡಿಯಿತು, ಅಂದರೆ ಒಂದಕ್ಕೆ 30 ಸೆಕೆಂಡು. ಒಂದು ಯೂನಿಟ್ ಎಂದರೆ 1000 ವ್ಯಾಟ್ 3600 ಸೆಕೆಂಡು ಉರಿದಷ್ಟು; ಅವೆರಡರ ಗುಣಲಬ್ಧವಾದ 36 ಲಕ್ಷವನ್ನು ಆ 3200ರಿಂದಲೂ 30ರಿಂದಲೂ ಭಾಗಿಸಿದಾಗ 37 ವ್ಯಾಟಿಗೂ ಸ್ವಲ್ಪ ಮೇಲೆ ಬಂತು. ತೊಟ್ಟಿಯ ಮೂರೂ ಉಪಕರಣ ಸೇರಿ 26 ಇರಬೇಕಾಗಿತ್ತು. ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಒಳಗೆ ಬಂದು ನೋಡಿದರೆ, ಟಿವಿಯ ಕೆಳಗೆ ಸೆಟ್‌ಟಾಪ್ ಬಾಕ್ಸ್ ಕಣ್ಣು ಬಿಟ್ಟುಕೊಂಡು ಕುಳಿತಿತ್ತು. ಅದರ ಪ್ಲಗ್ಗು ಕಿತ್ತು ಮತ್ತೆ ಎಣಿಸಿದಾಗ ಹತ್ತು ಮಿಣುಕಿಗೆ 7 ನಿಮಿಷ, ಸುಮಾರು 27 ವ್ಯಾಟ್. ಟಿವಿ ನೋಡಲಿ ಬಿಡಲಿ, ಆ ಪೆಟ್ಟಿಗೆ ತಿಂಗಳಿಗೆ ಹತ್ತಿರ ಹತ್ತಿರ 8 ಯೂನಿಟ್ ನುಂಗುತ್ತಿತ್ತು, ಫಿಲ್ಟರಿಗಿಂತ ಹೆಚ್ಚು. ಮೀನುಗಳ ಮೇಲೆ ಇಷ್ಟು ದಿನ ಸುಮ್ಮನೆ ಅಪವಾದ ಹೊರಿಸಿದ್ದೆವು.

ಚಳಿಗಾಲದ ಹೀಟರಿನ ವಿಷಯ ಬೇರೆ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ನಮ್ಮ ಪಡಸಾಲೆ 20 ಡಿಗ್ರಿಗೆ ಇಳಿಯುತ್ತದೆ. ಈ ಮೀನುಗಳಿಗೆ 24 ಡಿಗ್ರಿ ಇದ್ದರೆ ಹಿತ. 100 ವ್ಯಾಟಿನ ಹೀಟರು ಎಡೆಬಿಡದೆ ಉರಿದರೆ ತಿಂಗಳಿಗೆ 72 ಯೂನಿಟ್ ಆಗುತ್ತದೆಂದು ಹೌಹಾರುವ ಅಗತ್ಯವಿಲ್ಲ, ಏಕೆಂದರೆ ನೀರು ಕಾದೊಡನೆ ಅದರೊಳಗಿನ ಥರ್ಮೋಸ್ಟಾಟ್ ಹೀಟರನ್ನು ತಾನೇ ಆರಿಸುತ್ತದೆ. ನಾನು ಗಮನಿಸಿದ ರಾತ್ರಿ ಅದು ಗಂಟೆಗೆ ಸುಮಾರು 12 ನಿಮಿಷ ಉರಿಯಿತು. ರಾತ್ರಿಯ 12 ಗಂಟೆಗಳಿಗೆ ಅದನ್ನೇ ಹಿಡಿದರೆ ತಿಂಗಳಿಗೆ 7 ಯೂನಿಟ್ಟಿನಷ್ಟಾಗುತ್ತದೆ. ನೀರು ಆವಿಯಾಗುವಾಗ ಶಾಖವನ್ನೂ ಒಯ್ಯುವುದರಿಂದ ತೊಟ್ಟಿಗೆ ಮುಚ್ಚಳ ಬೇಕೇಬೇಕು. ಹಿಂಬದಿಗೆ ಥರ್ಮೋಕೋಲ್ ಹಾಳೆ ಅಂಟಿಸಿದರೆ ಇನ್ನೂ ಒಳ್ಳೆಯದು. ಗೋಲ್ಡ್‌ಫಿಶ್ ಸಾಕುವವರಿಗೆ ಹೀಟರಿನ ಗೊಡವೆಯೇ ಇಲ್ಲ.

ಉಳಿತಾಯದ ಹುರುಪಿನಲ್ಲಿ ರಾತ್ರಿ ಫಿಲ್ಟರ್ ಆರಿಸುವವರನ್ನು ಕಂಡಿದ್ದೇನೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷ ತಗ್ಗಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲೇ ಬದುಕುತ್ತವೆ. ನೀರಿನ ಹರಿವು ನಿಂತರೆ ಅವಕ್ಕೆ ಆಮ್ಲಜನಕ ಸಿಗುವುದಿಲ್ಲ. 7 ಯೂನಿಟ್ಟಿನಲ್ಲಿ ಮೂರು ಉಳಿಸಲು ಹೋಗಿ ಮೀನನ್ನೇ ಕಳೆದುಕೊಳ್ಳುವ ಆ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಕೈ ಬಿಗಿ ಹಿಡಿಯಬೇಕೆಂದರೆ ದೀಪದಲ್ಲಿ ಹಿಡಿಯಿರಿ. ಬೆಳಕು ಕಡಿಮೆಯಾದರೆ ಗಾಜಿಗೆ ಪಾಚಿಯೂ ಕಡಿಮೆ ಕಟ್ಟುತ್ತದೆ.

ಇನ್ನು ನನ್ನ ಮೊದಲ ಉತ್ತರ ತಪ್ಪಿದ್ದು ಎಲ್ಲಿ? 78 ರೂಪಾಯಿ ಎಂದದ್ದರಲ್ಲಿ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ, ರಾಜ್ಯ ಸರಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ, 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಂತೆ, ಹೆಚ್ಚಿನ ಮನೆಗಳಿಗೆ ತಲಾ ಒಂದು ಉಚಿತ ಬಳಕೆಯ ಮಿತಿ ಗೊತ್ತುಮಾಡಿದರು. ಮಿತಿಯೊಳಗೆ ಜಾಗವಿದ್ದವರಿಗೆ ತೊಟ್ಟಿಯ ಖರ್ಚು ಸೊನ್ನೆ. ಮಿತಿ ದಾಟಿದವರು ದಾಟಿದಷ್ಟಕ್ಕೆ ಕಟ್ಟುತ್ತಾರೆ. ಆದರೆ 190 ಯೂನಿಟ್ ಸುಡುತ್ತಿರುವ ಮನೆಗೆ ಇದೇ 13 ಸೇರಿದರೆ 203 ಆಗಿ, 200 ದಾಟಿದ್ದರಿಂದ ಆ ತಿಂಗಳ ಪೂರ್ತಿ ಬಿಲ್ಲು, ಅಂದರೆ 1200 ರೂಪಾಯಿಗೂ ಹೆಚ್ಚು, ತಲೆಯ ಮೇಲೆ ಬೀಳುತ್ತದೆ. ತೊಟ್ಟಿ ಅದೇ, ಮೀನೂ ಅವೇ. ಖರ್ಚು ಮಾತ್ರ ಮನೆಯಿಂದ ಮನೆಗೆ ಬೇರೆ.

ಹಾಗಾಗಿ ಪಕ್ಕದ ಮನೆಯವರಿಗೆ ಹೆಸ್ಕಾಂನ ಕರೆಂಟ್ ಬಿಲ್ಲು ತರಲು ಹೇಳಿದೆ. ಅವರ ಮಿತಿ 96 ಯೂನಿಟ್, ಬಳಕೆ 84. ಉಳಿದದ್ದು 12, ತೊಟ್ಟಿಗೆ ಬೇಕಾದದ್ದು 13. "ಒಂದ ಯೂನಿಟ್ಟಿಗೆ ಅಡ್ಡಾತು ನೋಡ್ರಿ" ಎಂದು ಅವರು ನಕ್ಕರು. ದೀಪವನ್ನು 8 ಗಂಟೆಯಿಂದ 5 ಗಂಟೆಗೆ ಇಳಿಸಿದರೆ ಆ ಒಂದು ಯೂನಿಟ್ಟೂ ಉಳಿಯುತ್ತದೆಂದು ಬಿಲ್ಲಿನ ಹಿಂಬದಿಯಲ್ಲೇ ಬರೆದು ತೋರಿಸಿದೆ.